ಸೊನ್ನೆಯ ಗುಂಡಿ

ತೂಕದ ವಿಷಯದಲ್ಲಿ ನನ್ನ ಅಣ್ಣನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ, ಸ್ವತಃ ಅವನೊಬ್ಬನನ್ನು ಬಿಟ್ಟು.

ಮೂವತ್ತು ವರ್ಷದಿಂದ ಅವನದು ಒಂದೇ ಕೆಲಸ. ಗೋದಾಮುಗಳ ಸಾಲು ಶುರುವಾಗುವ ತಿರುವಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದೆ. ಒಂದು ಲಾರಿ ಪೂರ್ತಿ ನಿಲ್ಲುವಷ್ಟು ಉದ್ದದ ಕಬ್ಬಿಣದ ಹಾಸು, ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕ್ಯಾಬಿನ್ನು. ಒಳಗೆ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ, ಒಂದು ಮೈಕು, ಒಂದು ಕುರ್ಚಿ, ಕುರ್ಚಿಯಲ್ಲಿ ಅಣ್ಣ. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಕೂತವನು ಎದ್ದದ್ದು ಊಟಕ್ಕೆ ಮತ್ತು ಕುರ್ಚಿ ಮುರಿದಾಗ. ಇದುವರೆಗೆ ನಾಲ್ಕು ಕುರ್ಚಿ ಮುರಿದಿವೆ. ಲಾರಿಯವರನ್ನು ಅವನು ಮೈಕಿನಲ್ಲೇ ಆಡಿಸುತ್ತಿದ್ದ. "ಮುಂದೆ ಬಾ, ಇನ್ನೂ ಮುಂದೆ, ಸಾಕು, ನಿಲ್ಸು. ಹಿಂದಿನ ಗಾಲಿ ಹೊರಗಿದೆ, ನನ್ನೇನು ಕುರುಡ ಅಂದ್ಕೊಂಡ್ಯಾ?" ಹೊರಗೆ ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಇದೆಲ್ಲ ಇಡೀ ರಸ್ತೆಗೆ ಕೇಳಿಸುತ್ತಿತ್ತು. ಡ್ರೈವರುಗಳು ಅವನನ್ನು ಟನ್ನಣ್ಣ ಎಂದು ಕರೆಯುತ್ತಿದ್ದರು. ಆ ಹೆಸರು ಕೆಲಸಕ್ಕೆ ಬಂದದ್ದೋ ಮೈಗೆ ಬಂದದ್ದೋ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಅವನ ತಂಗಿ, ದರ್ಜಿ. ಅವನು ಕಿಲೋದಲ್ಲಿ ಜನರ ಮೋಸ ಹಿಡಿದರೆ ನಾನು ಇಂಚಿನಲ್ಲಿ ಹಿಡಿಯುತ್ತೇನೆ. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದ ಮನುಷ್ಯನನ್ನು ನಾನು ನೋಡಿಲ್ಲ. ಅಂಥವರ ಅಳತೆಯನ್ನು ನಾನು ಕೂಡಲೇ ಬರೆದುಕೊಳ್ಳುವುದಿಲ್ಲ. ಮಕ್ಕಳ ಸುದ್ದಿ, ಮಳೆ ಸುದ್ದಿ ಏನಾದರೂ ತೆಗೆಯುತ್ತೇನೆ. ಮಾತಿಗೆ ಬಾಯಿ ತೆರೆದರೆ ಉಸಿರು ಬಿಡಲೇಬೇಕು, ಹೊಟ್ಟೆ ತನ್ನ ಜಾಗಕ್ಕೆ ಬರಲೇಬೇಕು. ಆಗ ಬರೆದುಕೊಳ್ಳುತ್ತೇನೆ.

ನನ್ನ ಎರಡೂ ಕಿಡ್ನಿಗಳು ಕೈಕೊಟ್ಟು ಮೂರು ವರ್ಷವಾಯಿತು. ವಾರಕ್ಕೆ ಮೂರು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗುತ್ತೇನೆ. ರಕ್ತ ಒಂದು ಕೊಳವೆಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಮೊದಲ ದಿನಗಳಲ್ಲಿ ಅದನ್ನು ನೋಡುತ್ತಿದ್ದೆ, ಆಮೇಲೆ ಚಾವಣಿ ನೋಡಿದೆ, ಈಗ ಏನೂ ನೋಡುವುದಿಲ್ಲ. ಪಾದಗಳು ಮೊದಲೇ ಜೋಮು ಹಿಡಿದಿದ್ದವು. ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಆ ಜೋಮು ಪಾದದಿಂದ ಮೇಲಕ್ಕೆ ಎಲ್ಲಿಯವರೆಗೆ ಬಂತೋ ಗೊತ್ತಿಲ್ಲ. ಯಾರಾದರೂ "ಹೇಗಿದ್ದೀಯಾ?" ಅಂದರೆ ಸುಮ್ಮನೆ "ಇದ್ದೀನಿ" ಅನ್ನುತ್ತೇನೆ, ಅದರಲ್ಲಿ ಸುಳ್ಳಿಲ್ಲ.

ಅಪ್ಪ ಅಮ್ಮ ಇಲ್ಲ. ನನಗೆ ಮದುವೆಯಾಗಿಲ್ಲ. ಕಿಡ್ನಿ ಕೊಡಬಲ್ಲವನು ಅಣ್ಣ ಒಬ್ಬನೇ, ಅವನದು ನನಗೆ ಹೊಂದುತ್ತದೆ ಎಂದು ರಕ್ತಪರೀಕ್ಷೆ ಹೇಳಿತು. ಆವತ್ತು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ಎರಡಿದ್ಯಲ್ಲಮ್ಮಾ, ಯಾವ್ದು ಬೇಕೋ ಆರಿಸ್ಕೋ. ಬಲಗಡೇದು ಸ್ವಲ್ಪ ಹೊಸಾದು" ಅಂದ. ನನಗೆ ನಗು ಬಂತು. ಅದಾದ ಮೇಲೆ ಹಾಗೆ ನಕ್ಕ ನೆನಪಿಲ್ಲ.

ಕಿಡ್ನಿ ಡಾಕ್ಟರಮ್ಮ ನಗಲಿಲ್ಲ. ಆಸ್ಪತ್ರೆಯ ತಕ್ಕಡಿಯಲ್ಲಿ ಅಣ್ಣ ನೂರ ಇಪ್ಪತ್ತೊಂದು ಕಿಲೋ ಇದ್ದ.

"ತೊಂಬತ್ತೆರಡರ ಕೆಳಗೆ ಬನ್ನಿ. ಇಷ್ಟು ತೂಕ ಇಟ್ಕೊಂಡು ಒಂದು ಕಿಡ್ನಿ ಕೊಟ್ರೆ ನಾಳೆ ನೀವೂ ಇವರ ಪಕ್ಕದ ಹಾಸಿಗೇಲಿ ಮಲಗ್ತೀರಿ. ಅಲ್ಲದೆ ನಿಮ್ಮ ಥೈರಾಯ್ಡ್ ರಿಪೋರ್ಟಲ್ಲಿ ಟಿಎಸ್‌ಎಚ್ ಏಳೂ ಮುಕ್ಕಾಲಿದೆ, ನಾಲ್ಕರ ಆಸುಪಾಸು ಇರ್ಬೇಕು. ಹಾರ್ಮೋನ್ ಡಾಕ್ಟರನ್ನ ನೋಡ್ಕೊಂಡು ಬನ್ನಿ."

ಹಾರ್ಮೋನ್ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಮೇಜಿನ ಮೇಲೆ ಪೆನ್ಸಿಲು ತಿರುಗಿಸುತ್ತ ಮಾತಾಡುವವರು. ರಿಪೋರ್ಟನ್ನು ಎರಡು ಸಲ ಓದಿ, "ನಿಮಗೆ ಥೈರಾಯ್ಡ್ ಕಾಯಿಲೆ ಇಲ್ಲ" ಅಂದರು.

"ಅಂಕಿ ಜಾಸ್ತಿ ಇದ್ಯಲ್ಲ ಡಾಕ್ಟ್ರೇ?" ಅಂದ ಅಣ್ಣ. ಅಂಕಿಯ ವಿಷಯದಲ್ಲಿ ಅವನು ಯಾರ ಮಾತನ್ನೂ ಸುಲಭಕ್ಕೆ ಒಪ್ಪುವವನಲ್ಲ.

"ಈ ಅಂಕಿ ಗ್ರಂಥಿದಲ್ಲ. ಗ್ರಂಥಿಗೆ ಮೆದುಳಿಂದ ಬರೋ ಹುಕುಂದು." ಅವರು ಒಂದು ಹಾಳೆ ಎಳೆದುಕೊಂಡು ತಲೆಯ ಚಿತ್ರ ಬರೆದರು. "ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಅಂತ ಇದೆ, ಅದು ಯಜಮಾನ. ಅದರ ಕೆಳಗೆ ನೇತಾಡ್ತಿರೋ ಕಡಲೆ ಕಾಳಿನಷ್ಟು ಪಿಟ್ಯುಟರಿ, ಅದು ಮೇಸ್ತ್ರಿ. ಯಜಮಾನ ಹೇಳಿದ್ರೆ ಮೇಸ್ತ್ರಿ ಟಿಎಸ್‌ಎಚ್ ಕಳಿಸತ್ತೆ, ಅದು ಬಂದ್ಮೇಲೆ ಕುತ್ತಿಗೇಲಿರೋ ಥೈರಾಯ್ಡ್ ಕೆಲಸ ಮಾಡತ್ತೆ. ಗ್ರಂಥಿ ಸೋಮಾರಿಯಾದ್ರೆ ಮೇಸ್ತ್ರಿ ಜೋರಾಗಿ ಕೂಗತ್ತೆ, ಅಂಕಿ ಏರತ್ತೆ. ಸಾಮಾನ್ಯವಾಗಿ ಅದೇ ಕಾಯಿಲೆ. ಆದ್ರೆ ನಿಮ್ಮ ಗ್ರಂಥಿ ನೆಟ್ಟಗಿದೆ, ಅದು ಮಾಡೋ ಹಾರ್ಮೋನೂ ಸರಿಯಾಗಿದೆ."

"ಮತ್ಯಾಕೆ ಕೂಗ್ತಿದೆ?" ಎಂದು ನಾನು ಕೇಳಿದೆ.

"ಕೊಬ್ಬು ಕಿವಿ ಊದ್ತಿದೆ. ಕೊಬ್ಬು ಅಂದ್ರೆ ಸುಮ್ನೆ ಬಿದ್ದಿರೋ ಮೂಟೆ ಅಲ್ಲಮ್ಮ, ಅದೂ ಒಂದು ಹಾರ್ಮೋನು ಬಿಡತ್ತೆ, ಲೆಪ್ಟಿನ್ ಅಂತ. ಕೊಬ್ಬು ಜಾಸ್ತಿಯಾದಷ್ಟೂ ಲೆಪ್ಟಿನ್ ಜಾಸ್ತಿ. ಅದು ಹೋಗಿ ಯಜಮಾನನ ಹತ್ರ, ಉಗ್ರಾಣ ತುಂಬಿದೆ, ಒಲೆ ದೊಡ್ಡದು ಮಾಡಿಸು ಅನ್ನತ್ತೆ. ಯಜಮಾನ ಮೇಸ್ತ್ರಿಗೆ, ಮೇಸ್ತ್ರಿ ಗ್ರಂಥಿಗೆ. ದಪ್ಪ ಇರೋ ಎಲ್ಲರಿಗೂ ಹೀಗಾಗಲ್ಲ, ಆದ್ರೆ ಬೇಕಾದಷ್ಟು ಜನಕ್ಕೆ ಆಗತ್ತೆ. ಅಂಕಿ ಏರಿದ್ದಕ್ಕೆ ದಪ್ಪ ಆಗಿದ್ದಲ್ಲ, ದಪ್ಪ ಆಗಿದ್ದಕ್ಕೆ ಅಂಕಿ ಏರಿದೆ. ತೂಕ ಇಳಿದ್ರೆ ತಾನಾಗೇ ಇಳಿಯತ್ತೆ."

"ಮಾತ್ರೆ?"

"ಬೇಡ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗತ್ತೆ."

ಅಣ್ಣ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. "ಅಂದ್ರೆ ಯಂತ್ರ ಕೆಟ್ಟಿಲ್ಲ. ಹಾಸಿನ ಮೇಲೆ ಮಣ್ಣು ಕೂತಿದೆ" ಅಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಣ್ಣ ವಿವರಿಸಿದ ಮೇಲೆ ಅವರು ಖುಷಿಯಾಗಿ, "ಹಾಗೇ ಅಂದ್ಕೊಳ್ಳಿ. ಮಣ್ಣು ತೆಗೀರಿ" ಅಂದರು.

ನನಗೆ ಅಲ್ಲೇ ಎಚ್ಚರವಾಗಬೇಕಿತ್ತು. ಹಾಸಿನ ಮೇಲೆ ಮಣ್ಣು ಕೂತಾಗ ಅಣ್ಣ ಏನು ಮಾಡುತ್ತಾನೆಂದು ಡಾಕ್ಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಒಂದೊಂದು ಲಾರಿಯೂ ಗಾಲಿಯಲ್ಲಿ ಕೆಸರು ತರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಾಸು ಖಾಲಿ ಇದ್ದರೂ ಅಂಕಿ ನೂರು, ನೂರೈವತ್ತು ಕಿಲೋ ತೋರಿಸುತ್ತಿರುತ್ತದೆ. ಆಗ ಹೊರಗೆ ಹೋಗಿ ಗುದ್ದಲಿಯಲ್ಲಿ ಕೆರೆದು, ಪೈಪು ಹಿಡಿದು ತೊಳೆಯಬೇಕು. ಆದರೆ ಪೆಟ್ಟಿಗೆಯ ಮೇಲೆ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಮಣ್ಣು ಇದ್ದಲ್ಲೇ ಇರುತ್ತದೆ, ಅಂಕಿ ಮಾತ್ರ ಸೊನ್ನೆಯಾಗುತ್ತದೆ. ಮೂವತ್ತು ವರ್ಷ ಅಣ್ಣ ಒತ್ತಿದ್ದು ಅದನ್ನೇ. ಸಂಜೆಗೆ ಮಣ್ಣು ಒಣಗಿ ಉದುರಿ ಲೆಕ್ಕ ತಪ್ಪುತ್ತಿತ್ತು, ಇಲ್ಲವೇ ಅಂಚಿನ ಸಂದಿಯಲ್ಲಿ ತುಂಬಿ ಹಾಸನ್ನೇ ಕಚ್ಚಿ ಹಿಡಿಯುತ್ತಿತ್ತು. ಆಗ ಮತ್ತೆ ಒತ್ತುತ್ತಿದ್ದ. ಊರಿನ ಲಾರಿಗಳ ಮೋಸವೆಲ್ಲ ಹಿಡಿಯುವವನ ದೀಪದ ಬುಡದಲ್ಲಿ ಇಷ್ಟು ಕತ್ತಲಿತ್ತು.

ಆವತ್ತು ಆಸ್ಪತ್ರೆಯಿಂದ ನೇರ ವೇಬ್ರಿಡ್ಜಿಗೆ ಹೋಗಿ ಅಣ್ಣ ಹಾಸಿನ ಮೇಲೆ ನಿಂತ. ನನ್ನನ್ನು ಕ್ಯಾಬಿನ್ನಿನೊಳಗೆ ಕೂರಿಸಿ ಅಂಕಿ ಓದಿಸಿದ. ಲಾರಿ ತೂಗುವ ಯಂತ್ರಕ್ಕೆ ಒಂದೆರಡು ಕಿಲೋ ಕಣ್ಣಿಗೆ ಕಾಣುವುದಿಲ್ಲ. ಅದು ಹತ್ತರ ಲೆಕ್ಕದಲ್ಲೇ ಜಿಗಿಯುವುದು.

"ನೂರ ಇಪ್ಪತ್ತು" ಅಂದೆ ಮೈಕಿನಲ್ಲಿ.

"ಒಂದು ಕಿಲೋ ಬಿಟ್ಕೊಡ್ತು ನೋಡು, ಒಳ್ಳೇ ಯಂತ್ರ!" ಎಂದು ಹೊರಗಿನಿಂದ ಕೂಗಿದ. "ತೊಂಬತ್ತು ತೋರಿಸಿದ ದಿನ ನಿಂಗೆ ಕಿಡ್ನಿ!"

ಎರಡು ತಿಂಗಳಿಗೆ ಅಂಕಿ ನೂರ ಹತ್ತಕ್ಕೆ ಜಿಗಿಯಿತು. ನಾವೆಲ್ಲ ಬೆರಗಾದೆವು. ಅಣ್ಣ ಊಟ ಕಮ್ಮಿ ಮಾಡಿದ್ದು ನಿಜ, ಆದರೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಮಾತು ಜೋರಾಗಿತ್ತು, ನಿದ್ದೆ ಕಮ್ಮಿಯಾಗಿತ್ತು, ಮೈಕಿನಲ್ಲಿ ಒಂದೇ ಸಮನೆ ಡ್ರೈವರುಗಳ ಮೇಲೆ ಹರಿಹಾಯುತ್ತಿದ್ದ. "ಟನ್ನಣ್ಣಂಗೆ ಕಿಡ್ನಿ ಕೊಡೋ ಮೊದ್ಲೇ ಜೀವ ಬಂದ್ಬಿಟ್ಟಿದೆ" ಎಂದು ಅವರು ನಗುತ್ತಿದ್ದರು.

ಮೂರನೇ ತಿಂಗಳು ಅವನು ಅಂಗಿಗಳನ್ನು ಹೊತ್ತು ನನ್ನ ಮನೆಗೆ ಬಂದ, ಸಡಿಲವಾಗಿವೆ, ಹಿಡಿದು ಕೊಡು ಅಂದ. ಗೋಡೆಯ ಕನ್ನಡಿಯ ಎದುರು, ನಾನು ಎಲ್ಲರನ್ನೂ ನಿಲ್ಲಿಸುವ ಜಾಗದಲ್ಲಿ ಅವನನ್ನು ನಿಲ್ಲಿಸಿ ಎದೆಯ ಸುತ್ತ ಟೇಪು ಹಾಕಿದೆ. ಟೇಪಿನ ಕೆಳಗೆ ಎದೆ ಓಡುತ್ತಿತ್ತು. ಸುಮ್ಮನೆ ನಿಂತವನ ಎದೆ ಹಾಗೆ ಓಡಬಾರದು. ಫ್ಯಾನು ತಿರುಗುತ್ತಿದ್ದರೂ ಬೆನ್ನೆಲ್ಲ ಒದ್ದೆ. ಅಂಗಿಯ ಗುಂಡಿ ಬಿಚ್ಚಲು ಹೋದ ಅವನ ಬೆರಳುಗಳು ನಡುಗುತ್ತಿದ್ದವು. ಬರೆದುಕೊಳ್ಳಲು ಪೆನ್ನು ಹುಡುಕುತ್ತ, ಅವನು ಕಳಚಿಟ್ಟ ಅಂಗಿಯ ಕಿಸೆಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಮಾತ್ರೆಯ ಡಬ್ಬಿ. ಆ ಡಬ್ಬಿ ನನಗೆ ಗೊತ್ತು, ಅತ್ತಿಗೆಯ ಅಡಿಗೆಮನೆಯ ಶೆಲ್ಫಿನಲ್ಲಿ ಹನ್ನೆರಡು ವರ್ಷದಿಂದ ಇರುವಂಥದ್ದೇ. ಅತ್ತಿಗೆಗೆ ಥೈರಾಯ್ಡ್ ಗ್ರಂಥಿ ನಿಜವಾಗಿಯೂ ಕೆಲಸ ಬಿಟ್ಟಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ನುಂಗುತ್ತಾಳೆ.

ಅತ್ತಿಗೆಗೆ ಅಂಗಡಿಯಿಂದ ತರುತ್ತಿದ್ದಾನೆ, ದಾರಿಯಲ್ಲಿ ಇಲ್ಲಿಗೆ ಬಂದಿದ್ದಾನೆ ಎಂದುಕೊಂಡೆ. ಡಬ್ಬಿ ಅರ್ಧ ಖಾಲಿಯಾಗಿತ್ತು, ಆದರೂ ಹಾಗೆಯೇ ಅಂದುಕೊಂಡೆ. ಡಬ್ಬಿಯನ್ನು ಕಿಸೆಯಲ್ಲಿ ವಾಪಸ್ ಇಟ್ಟು, ಪುಸ್ತಕದಲ್ಲಿ ಎದೆ ನಲವತ್ತಾರು ಎಂದು ಬರೆದೆ. ಮಾತಾಡಿಸಿ ಉಸಿರು ಬಿಡಿಸುವವಳು ಆವತ್ತು ಮಾತಾಡಿಸಲಿಲ್ಲ. ನನಗೆ ಕಿಡ್ನಿ ಬೇಕಿತ್ತು. ಇದನ್ನು ಇದಕ್ಕಿಂತ ಸಭ್ಯವಾಗಿ ಹೇಳಲು ನನಗೆ ಬರುವುದಿಲ್ಲ.

ಆರನೇ ತಿಂಗಳು ವೇಬ್ರಿಡ್ಜ್ ನೂರು ತೋರಿಸಿತು. ಹಾರ್ಮೋನ್ ಡಾಕ್ಟರ್ ಮತ್ತೆ ಪರೀಕ್ಷೆಗೆ ಕರೆದಿದ್ದರು. ಅಣ್ಣ, ಅತ್ತಿಗೆ, ನಾನು ಮೂವರೂ ಹೋಗಿದ್ದೆವು. ರಿಪೋರ್ಟು ನೋಡಿದ ಡಾಕ್ಟರ್ ಪೆನ್ಸಿಲು ತಿರುಗಿಸುವುದನ್ನು ನಿಲ್ಲಿಸಿ ಅಣ್ಣನ ನಾಡಿ ಹಿಡಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಇಸಿಜಿ ಮಾಡಿಸಿದರು. ಕಾಗದದ ಮೇಲೆ ಗೆರೆಗಳು ಹೇಗೆ ಹೇಗೋ ಬಿದ್ದಿದ್ದವು, ಒಂದಕ್ಕೂ ಇನ್ನೊಂದಕ್ಕೂ ಸಮ ಅಂತರವಿರಲಿಲ್ಲ. ಇಷ್ಟು ಓರೆಕೋರೆ ಹೊಲಿಗೆ ಹಾಕಿದ್ದರೆ ನಾನು ಬಿಚ್ಚಿಹಾಕುತ್ತಿದ್ದೆ.

"ಟಿಎಸ್‌ಎಚ್ ಸೊನ್ನೆಗೆ ಬಂದಿದೆ" ಅಂದರು ಡಾಕ್ಟರ್. "ಯಾವ ಮಾತ್ರೆ ತಗೋತಿದ್ದೀರಿ?"

"ಯಾವ್ದೂ ಇಲ್ಲ."

ಅತ್ತಿಗೆ ಸೆರಗಿನ ತುದಿ ಸುತ್ತುತ್ತ ಕೂತಿದ್ದವಳು ತಲೆ ಎತ್ತಿದಳು. "ಔಷಧಿ ಅಂಗಡಿಯವ್ನು ಮೊನ್ನೆ ಕೇಳ್ದ. ನೂರು ಮಾತ್ರೆ ಡಬ್ಬಿ ಇಪ್ಪತ್ತೈದು ದಿನಕ್ಕೆ ಹೇಗಕ್ಕಾ ಮುಗಿಯತ್ತೆ ಅಂತ. ನಾನು ಅವ್ನಿಗೇ ಬೈದು ಬಂದೆ." ಅಷ್ಟು ಹೇಳಿ ಗಂಡನ ಕಡೆ ತಿರುಗಿದಳು. "ರೀ, ದಿನಕ್ಕೆ ಎಷ್ಟು?"

ಅಣ್ಣ ನೆಲ ನೋಡುತ್ತ ಮೂರು ಬೆರಳು ತೋರಿಸಿದ.

ಡಾಕ್ಟರ್ ರೇಗಲಿಲ್ಲ, ಅದೇ ಕಷ್ಟವಾಯಿತು. "ನಿಮ್ಮ ಮೆದುಳು ಕೂಗೋದು ನಿಲ್ಸಿದೆ, ನಿಜ. ಅದು ಸಮಾಧಾನ ಆಗಿ ಅಲ್ಲ. ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕ್ತಿದೆ, ಇನ್ನು ಯಾರನ್ನ ಕೂಗೋದು ಅಂತ ಬಾಯಿ ಮುಚ್ಕೊಂಡಿದೆ. ಒಲೆ ಉರಿದು ಉರಿದು ಈಗ ಮನೇನೇ ಸುಡ್ತಿದೆ. ಇಳಿದ ತೂಕದಲ್ಲಿ ಮಾಂಸಖಂಡಾನೂ ಕರಗಿದೆ. ಹೃದಯ ತಾಳ ತಪ್ಪಿದೆ. ಇಂಥ ಸ್ಥಿತೀಲಿ ನಿಮ್ಮಿಂದ ಯಾರೂ ಕಿಡ್ನಿ ತಗೊಳಲ್ಲ."

"ನಾನು ಬರೀ ಸೊನ್ನೆ ಮಾಡೋಣ ಅಂದ್ಕೊಂಡೆ" ಅಂದ ಅಣ್ಣ. ನಲವತ್ತೊಂಬತ್ತರ ಗಂಡಸು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಿಡ್ನಿ ಡಾಕ್ಟರಮ್ಮ ಫೈಲು ಮುಚ್ಚಿದರು. ಹೃದಯ ಮೊದಲು ತಾಳಕ್ಕೆ ಬರಬೇಕು, ಮಾತ್ರೆಯಿಲ್ಲದೆ ಅಂಕಿ ಸರಿಯಾಗಬೇಕು, ತೂಕ ನ್ಯಾಯವಾಗಿ ಇಳಿಯಬೇಕು, ಒಂದು ವರ್ಷ ನೋಡಬೇಕು. ಅಲ್ಲಿಯವರೆಗೆ ಆಪರೇಷನ್ ಮಾತೇ ಇಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ನನಗೆ ಸಿಟ್ಟು ಮೊದಲಿಂದಲೂ ಮೂಗಿನ ತುದಿಯಲ್ಲೇ. "ಒಂದು ವರ್ಷ ಯಾರು ತಂದ್ಕೊಡ್ತಾರೆ ನಂಗೆ? ನಿನ್ನ ಸೋಮಾರಿತನಕ್ಕೆ ನನ್ನ ಕೊಲ್ಲೋದೇ ಆಗಿತ್ತಾ?" ಅಂದೆ. ಜನ ನಿಂತು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರಂತೆ. ನಾನು ಅದನ್ನೂ ಮಾಡಲಿಲ್ಲ, ಕಳ್ಳ ಕಳ್ಳ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದೆ. ಅಣ್ಣ ಚೀಲ ಎತ್ತಿಕೊಂಡು ನನ್ನ ಹಿಂದೆ ನಿಧಾನಕ್ಕೆ ಮೆಟ್ಟಿಲಿಳಿದ.

ಎರಡು ತಿಂಗಳು ಅವನೊಂದಿಗೆ ಮಾತು ಬಿಟ್ಟೆ. ಸುದ್ದಿಯೆಲ್ಲ ಅತ್ತಿಗೆಯಿಂದ ಬರುತ್ತಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಎದೆಯ ತಾಳ ಕೆಲವು ವಾರಗಳಲ್ಲಿ ಸರಿಹೋಯಿತು. ತೂಕ ಮತ್ತೆ ಏರಿ ನೂರ ಹನ್ನೊಂದಕ್ಕೆ ನಿಂತಿತು. ಟಿಎಸ್‌ಎಚ್ ಸೊನ್ನೆಯಿಂದ ಎದ್ದು ಆರೂವರೆಗೆ ಬಂತು. ಒಂದು ದಿನ ಅವಳು, "ನಿಮ್ಮಣ್ಣ ಇವತ್ತು ಹಾಸು ತೊಳೆದ್ರಂತೆ" ಅಂದಳು. ನಾನು "ಹೂಂ" ಅಂದೆ.

"ಗುದ್ದಲಿ ತಗೊಂಡು ಅಂಚಿನ ಸಂದಿ ಎಲ್ಲಾ ಕೆರೆದ್ರಂತೆ. ಡ್ರೈವರುಗಳು ಗಾಡಿ ನಿಲ್ಸಿ ನೋಡ್ತಿದ್ರಂತೆ."

ಅದು ನಿಜವೋ ಎಂದು ನೋಡಲು ಡಯಾಲಿಸಿಸ್ ಮುಗಿಸಿಕೊಂಡು ಒಂದು ಮಧ್ಯಾಹ್ನ ಆ ಕಡೆ ಹೋದೆ. ಕ್ಯಾಬಿನ್ನಿನ ಕುರ್ಚಿ ಖಾಲಿಯಿತ್ತು. ಅಣ್ಣ ಒಂದು ಲಾರಿಯ ಸುತ್ತ ನಡೆಯುತ್ತಿದ್ದ. ಗಾಲಿಗಳನ್ನು ಬಗ್ಗಿ ಬಗ್ಗಿ ನೋಡಿ, ಡ್ರೈವರಿಗೆ ಕೈಸನ್ನೆ ಮಾಡಿ, ಒಳಗೆ ಬಂದು ಅಂಕಿ ಬರೆದು, ಮತ್ತೆ ಹೊರಗೆ ಹೋದ. ಮೈಕಿನ ಮೇಲೆ ಒಂದು ಟವೆಲು ಹೊದಿಸಿಟ್ಟಿದ್ದ. ದಿನಕ್ಕೆ ಎಂಬತ್ತು ಲಾರಿ, ಎಂಬತ್ತು ಸುತ್ತು. ಮೂವತ್ತು ವರ್ಷ ಮೈಕಿನಲ್ಲಿ ಮಾಡಿದ್ದನ್ನೆಲ್ಲ ಈಗ ಕಾಲಿನಲ್ಲಿ ಮಾಡುತ್ತಿದ್ದ. ನನ್ನನ್ನು ನೋಡಿ ಮುಖ ಒರೆಸಿಕೊಂಡು, "ಬಿಸಿಲಲ್ಲಿ ಯಾಕೆ ಬಂದೆ, ಒಳಗೆ ಕೂತ್ಕೋ" ಅಂದ. ಮಾತು ಅಲ್ಲಿಂದ ಮತ್ತೆ ಶುರುವಾಯಿತು, ಅಷ್ಟೇ. ಕ್ಷಮಿಸು ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ನಾಲ್ಕು ತಿಂಗಳು ವೇಬ್ರಿಡ್ಜ್ ನೂರ ಹತ್ತನ್ನೇ ತೋರಿಸಿತು. ಆಸ್ಪತ್ರೆಯ ತಕ್ಕಡಿಯಲ್ಲಿ ತಿಂಗಳಿಗೆ ಒಂದೂವರೆ ಕಿಲೋ ಇಳಿಯುತ್ತಿತ್ತು, ಆದರೆ ಅವನಿಗೆ ತನ್ನ ಯಂತ್ರ ಹೇಳಿದ್ದೇ ನಿಜ. ದಿನಾ ಬೆಳಿಗ್ಗೆ ಹಾಸು ತೊಳೆದು ಅದರ ಮೇಲೆ ನಿಂತು, ಡ್ರೈವರುಗಳಿಂದ ಅಂಕಿ ಓದಿಸಿಕೊಳ್ಳುತ್ತಿದ್ದ. "ನೂರ ಹತ್ತೇ ಟನ್ನಣ್ಣ, ಯಂತ್ರ ಸತ್ತೋಗಿದೆ" ಎನ್ನುತ್ತಿದ್ದರು ಅವರು. ಅವನು "ಸರಿ" ಎಂದು ಇಳಿದು ಮೊದಲ ಲಾರಿಯ ಸುತ್ತ ನಡೆಯಲು ಹೊರಡುತ್ತಿದ್ದ. ಐದನೇ ತಿಂಗಳು ಒಂದು ಬೆಳಿಗ್ಗೆ ಅದು ನೂರಕ್ಕೆ ಜಿಗಿಯಿತು. ಆವತ್ತು ನನಗೆ ಫೋನು ಮಾಡಿ ಏನೂ ಮಾತಾಡದೆ ಸುಮ್ಮನೆ ಉಸಿರಾಡುತ್ತಿದ್ದ. ನಾನೇ "ಗೊತ್ತಾಯ್ತು ಬಿಡು" ಅಂದೆ.

ತೂಕದ ಜೊತೆಗೆ ಮೆದುಳಿನ ಹುಕುಮೂ ತಣ್ಣಗಾಗುತ್ತ ಬಂತು. ಆರೂವರೆ ಇದ್ದದ್ದು ಐದಾಯಿತು, ಆಮೇಲೆ ನಾಲ್ಕೂಕಾಲು, ಆಮೇಲೆ ಮೂರು ಚಿಲ್ಲರೆ. ಒಂದು ಮಾತ್ರೆಯೂ ಇಲ್ಲದೆ. ಹಾರ್ಮೋನ್ ಡಾಕ್ಟರ್ ತಮ್ಮ ಹಳೆಯ ಹಾಳೆಯನ್ನು ಫೈಲಿನಿಂದ ತೆಗೆದು, ಯಜಮಾನನ ಪಕ್ಕದಲ್ಲಿ "ಸುಮ್ಮನಿದ್ದಾನೆ" ಎಂದು ಬರೆದು ಅಣ್ಣನಿಗೆ ಕೊಟ್ಟರು. ಅವನು ಅದನ್ನು ಕ್ಯಾಬಿನ್ನಿನ ಗೋಡೆಗೆ ಅಂಟಿಸಿದ.

ಆ ಹೊತ್ತಿಗೆ ನನಗೆ ಮನೆಯ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ದಿಂಬು ಮೂರಾಗಿದ್ದವು. ಯಾರಿಗೂ ಹೇಳಲಿಲ್ಲ. ಒಂದು ಗುರುವಾರ ಡಾಕ್ಟರಮ್ಮ ನನ್ನ ಹೃದಯದ ಸ್ಕ್ಯಾನ್ ಮಾಡಿಸಿದರು. ಆಮೇಲೆ ಬಾಗಿಲು ಹಾಕಿ ಎದುರು ಕೂತರು.

"ಡಯಾಲಿಸಿಸ್‌ನಲ್ಲಿ ಇಷ್ಟು ದಿನ ಕಳೆದವರಲ್ಲಿ ಕೆಲವ್ರಿಗೆ ಹೀಗಾಗತ್ತೆ. ನಿಮ್ಮ ಹೃದಯ ಮೊದಲಿನ ಅರ್ಧದಷ್ಟೂ ಪಂಪ್ ಮಾಡ್ತಿಲ್ಲ. ಈ ಆಪರೇಷನ್ನಿಗೆ ಅದು ತಡ್ಕೊಳಲ್ಲ."

"ಯಾವಾಗ ತಡ್ಕೊಳತ್ತೆ?"

"ಔಷಧಿ ಕೊಡ್ತೀನಿ. ನೋಡೋಣ." ಅವರು 'ನೋಡೋಣ' ಅನ್ನುವುದು ಹೇಗಿರುತ್ತದೆಂದು ಮೂರು ವರ್ಷದಲ್ಲಿ ಕಲಿತಿದ್ದೇನೆ. ಇದು ಆಸೆಯಿಟ್ಟು ಹೇಳುವ 'ನೋಡೋಣ' ಆಗಿರಲಿಲ್ಲ.

"ಒಂದು ವರ್ಷದ ಹಿಂದೆ ಆಗಿದ್ರೆ?" ಎಂದು ಕೇಳಿದೆ.

ಅವರು ಫೈಲಿನ ದಾರ ಕಟ್ಟುತ್ತ, "ಆಗ ಹೃದಯ ಚೆನ್ನಾಗಿತ್ತು" ಅಂದರು.

ನನಗೆ ಅಳು ಬರಲಿಲ್ಲ. ಮನೆಗೆ ಬಂದು, ಒಬ್ಬರಿಗೆ ಕೊಡಬೇಕಿದ್ದ ರವಿಕೆಯ ತೋಳು ಕೂರಿಸಿದೆ. ಎಡದ ತೋಳನ್ನು ಬಲಕ್ಕೆ ಹಾಕಿದ್ದೆ, ಬಿಚ್ಚಿ ಮತ್ತೆ ಹಾಕಿದೆ.

ಶನಿವಾರ ಮಧ್ಯಾಹ್ನ ಅಣ್ಣನ ಫೋನು. "ಬಾ. ಇವತ್ತು ನೀನೇ ಓದ್ಬೇಕು. ಬೆಳಿಗ್ಗೆಯಿಂದ ನಾನು ಹಾಸು ಹತ್ತಿಲ್ಲ, ಡ್ರೈವರುಗಳ ಕೈಲೂ ಓದಿಸಿಲ್ಲ. ನಿನ್ನೆ ಆಸ್ಪತ್ರೆ ತಕ್ಕಡೀಲಿ ತೊಂಬತ್ತೊಂದೂವರೆ ಇತ್ತು."

ಹೋದೆ. ಹಾಸು ತೊಳೆದು ಇನ್ನೂ ಒದ್ದೆಯಾಗಿತ್ತು. ಅಣ್ಣ ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಮೈಕಿನ ಟವೆಲು ತೆಗೆದ. ಅಂಕಿ ಸೊನ್ನೆಯಿತ್ತು, ಗುಂಡಿ ಒತ್ತದೆಯೇ ಬಂದ ಸೊನ್ನೆ. ಅವನು ಹೊರಗೆ ಹೋಗಿ, ಚಪ್ಪಲಿ ಕಳಚಿ, ಹಾಸಿನ ನಡುವೆ ನಿಂತ. ನಾನೇ ಎರಡು ತಿಂಗಳ ಹಿಂದೆ ಹಿಡಿದುಕೊಟ್ಟ ಅಂಗಿ ಮತ್ತೆ ಸಡಿಲವಾಗಿತ್ತು. ಸಾಲಿನಲ್ಲಿದ್ದ ಎರಡು ಲಾರಿಯವರು ತಲೆ ಹೊರಗೆ ಹಾಕಿ ನೋಡುತ್ತಿದ್ದರು.

"ತೊಂಬತ್ತು" ಅಂದೆ ಮೈಕಿನಲ್ಲಿ.

ಅಣ್ಣ ಎರಡೂ ಕೈ ಮೇಲೆತ್ತಿದ. ಲಾರಿಯವರು ಹಾರನ್ನು ಒತ್ತಿದರು. "ಟನ್ನಣ್ಣ ಪಾಸು!" ಎಂದು ಒಬ್ಬ ಕೂಗಿದ. ಅಣ್ಣ ನಗುತ್ತ ನನ್ನ ಕಡೆ ನೋಡುತ್ತಿದ್ದ. ಇವತ್ತು ಹೇಳದಿದ್ದರೆ ನಾಳೆಯೂ ಹೇಳಲಾರೆ, ನಾಳಿದ್ದೂ ಹೇಳಲಾರೆ, ನಾನೂ ಗುಂಡಿ ಒತ್ತುತ್ತ ಕೂರುತ್ತೇನೆ ಎನ್ನಿಸಿತು. ಬೆರಳು ಮೈಕಿನ ಮೇಲೇ ಇತ್ತು.

"ಅಣ್ಣಾ, ಆಪರೇಷನ್ ಆಗಲ್ವಂತೆ. ನನ್ನ ಹೃದಯ ತಡ್ಕೊಳಲ್ವಂತೆ. ಗುರುವಾರ ಹೇಳಿದ್ರು."

ಕಂಬದ ಸ್ಪೀಕರು ಅದನ್ನು ಇಡೀ ರಸ್ತೆಗೆ ಹೇಳಿತು. ಹಾರನ್ನುಗಳು ನಿಂತವು. ಅಣ್ಣನ ಕೈಗಳು ನಿಧಾನಕ್ಕೆ ಕೆಳಗಿಳಿದವು. ಅವನು ಅಲ್ಲಿಂದ ಕದಲಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ಪೆಟ್ಟಿಗೆ ನೋಡಿದೆ. ತೊಂಬತ್ತೇ ಇತ್ತು.

ಆಮೇಲೆ ಅವನು ಚಪ್ಪಲಿ ಮೆಟ್ಟಿ ಒಳಗೆ ಬಂದು, ಮೂಲೆಯಲ್ಲಿದ್ದ ಎಣ್ಣೆಯ ಖಾಲಿ ಡಬ್ಬದ ಮೇಲೆ ಕೂತ. ನಾನು ಹೇಳುವುದು ಇನ್ನೂ ಒಂದಿತ್ತು.

"ಅಂಗಿ ಅಳತೆ ಕೊಡೋಕೆ ಬಂದಿದ್ಯಲ್ಲ ಆವತ್ತು" ಅಂದೆ. "ನಿನ್ನ ಕಿಸೇಲಿ ಡಬ್ಬಿ ನೋಡ್ದೆ ನಾನು."

"ಗೊತ್ತು" ಅಂದ ಅಣ್ಣ.

"ಗೊತ್ತಾ?"

"ಗೋಡೆ ಕನ್ನಡಿಲಿ ಕಾಣ್ತಿತ್ತು. ನೀನು ಹೊರಗೆ ತೆಗ್ದೆ, ಓದ್ದೆ, ವಾಪಸ್ ಇಟ್ಟೆ." ಅವನು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ, ಒದ್ದೆಯಿರಲಿಲ್ಲ, ಆದರೂ ಒರೆಸಿಕೊಳ್ಳುತ್ತಿದ್ದ. "ಆವಾಗ ದಿನಕ್ಕೆ ಎರಡು ತಗೋತಿದ್ದೆ. ಎದೆ ಹೊಡ್ಕೊಳೋದು ನೋಡಿ ಹೆದರಿಕೆಯಾಗಿತ್ತು, ನಿಲ್ಸ್ಬಿಡೋಣ ಅಂತಿದ್ದೆ. ನೀನು ನೋಡಿನೂ ಬೇಡ ಅನ್ಲಿಲ್ಲ. ಪಾಪ, ಇವ್ಳಿಗೆ ಅಷ್ಟು ಅರ್ಜೆಂಟಿದೆ ಅನ್ನಿಸ್ತು. ಮಾರನೇ ದಿನದಿಂದ ಮೂರು ಮಾಡ್ದೆ."

ಅದನ್ನು ಅವನು ಬೈಗುಳದ ಹಾಗೆ ಹೇಳಲಿಲ್ಲ, ಲಾರಿಯ ನಂಬರು ಹೇಳಿದ ಹಾಗೆ ಹೇಳಿದ. ಮೆಟ್ಟಿಲ ಮೇಲೆ ನಾನು ಆ ಪರಿ ಬೈಯುವಾಗ ಅವನ ಬಾಯಲ್ಲಿ ಈ ಮಾತು ಇತ್ತು. ಒಂದು ವರ್ಷ ಅದನ್ನು ಇಟ್ಟುಕೊಂಡೇ ಲಾರಿಗಳ ಸುತ್ತ ನಡೆದಿದ್ದ.

ಹೊರಗೆ ಲಾರಿಯವನೊಬ್ಬ ಅಂಜುತ್ತ ಅಂಜುತ್ತ ಒಂದು ಸಣ್ಣ ಹಾರನ್ನು ಮಾಡಿದ. ಅಣ್ಣ ಮಂಡಿಗೆ ಕೈಕೊಟ್ಟು ಎದ್ದ. "ನೀನು ಕೂತಿರು" ಎಂದು ಹೊರಗೆ ಹೋಗಿ ಕೈ ಬೀಸಿದ. ಲಾರಿ ಹಾಸು ಹತ್ತಿತು. ಅವನು ಅದರ ಸುತ್ತ ನಡೆದು, ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿ, ಸರಿಯಿದೆ ಎಂದು ನನಗೆ ಸನ್ನೆ ಮಾಡಿದ.

ಅಂಕಿ ಓಲಾಡುವುದು ನಿಲ್ಲುವವರೆಗೆ ಕಾದು, ಮೈಕಿನಲ್ಲಿ ಓದಿದೆ. ಹದಿನೆಂಟು ಸಾವಿರದ ನಾನೂರ ಮೂವತ್ತು.